ಲಾರಿಯಲ್ಲಿ ಮಾಲು ಕಡಿಮೆ ಬಂದರೆ ಹೊಣೆ ಯಾರದು?

ಹಿಡಕಲ್ ಅಣೆಕಟ್ಟಿನಿಂದ ಘಟಪ್ರಭೆಯ ನೀರು ಕಾಲುವೆಗಳಿಗೆ ಹರಿದ ಮೇಲೆ ಹುಕ್ಕೇರಿ, ಗೋಕಾಕ, ಮೂಡಲಗಿಗಳ ಸೀಮೆಯಲ್ಲಿ ಕಬ್ಬು ಹೇಗೆ ಹಬ್ಬಿತೆಂಬುದು ವಾಚಕರಿಗೆ ತಿಳಿದ ಸಂಗತಿಯೇ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಯ ಸಕ್ಕರೆ, ಗಾಣಗಳ ಬೆಲ್ಲ, ಸಂಕೇಶ್ವರದ ಮೆಣಸಿನಕಾಯಿ, ಗೋಕಾಕದ ಕರದಂಟು, ಇವೆಲ್ಲ ದೂರದ ಊರುಗಳಿಗೆ ಹೋಗುವುದು ಬಹುಮಟ್ಟಿಗೆ ಲಾರಿಗಳಲ್ಲಿ. ಹೀಗೆ ಹೊರಟ ಮಾಲು ಮುಟ್ಟಬೇಕಾದಲ್ಲಿ ಕಡಿಮೆ ಬಂದರೆ ಆ ಹಾನಿಯನ್ನು ಯಾರು ತುಂಬಿಕೊಡತಕ್ಕದ್ದು? ಇದು ಪೇಟೆಯವರ ಪ್ರಶ್ನೆ ಮಾತ್ರವಲ್ಲ. ಈ ಮೂರೂ ತಾಲೂಕುಗಳಲ್ಲಿ ಲಾರಿಯ ದುಡಿಮೆಯ ಮೇಲೆಯೇ ಒಲೆ ಉರಿಯುವ ಮನೆಗಳುಂಟು.

ನಡೆಯುವ ರೂಢಿಯನ್ನು ಮೊದಲು ನೋಡುವ. ಹದಿನಾರು ಟನ್ ಸಕ್ಕರೆಯೆಂದರೆ 50 ಕಿಲೋದ 320 ಚೀಲಗಳು. ಇಳಿಸುವಾಗ 318 ಎಣಿಕೆಗೆ ಬಂದವೆಂದಿಟ್ಟುಕೊಳ್ಳಿರಿ. ಕ್ವಿಂಟಲಿಗೆ 4,000 ರೂಪಾಯಿಯೆಂದು ಹಿಡಿದರೆ ಹಾನಿ 4,000 ರೂಪಾಯಿ. ಮಾಲು ಪಡೆದವನು ಬಾಕಿ ಬಾಡಿಗೆಯಲ್ಲಿ ಅಷ್ಟನ್ನು ಮುರಿದುಕೊಳ್ಳುವನು. ಸಾಗಣೆಯ ಕಚೇರಿಯವರು ಅದನ್ನೇ ಚಾಲಕನ ಲೆಕ್ಕಕ್ಕೆ ಬರೆಯುವರು. ಮುಂಗಡವು ಡೀಸೆಲ್ಲಿಗೂ ದಾರಿಯ ಟೋಲಿಗೂ ಆಗಲೇ ಹೋಗಿರುತ್ತದೆ. ಮನೆಗೆ ಒಯ್ಯಬೇಕಾದುದು ಬಾಕಿ ಹಣವೇ. ನಾಲ್ಕು ದಿನ ನಿದ್ದೆಗೆಟ್ಟವನು ಬರಿಗೈಯಲ್ಲಿ ಮರಳುವುದು ಹೀಗೆ.

ಆ ಚಾಲಕನು ಚೀಲಗಳನ್ನು ಎಣಿಸಿದ್ದನೇ? ಅನೇಕ ಸಲ ಇಲ್ಲ. ಹಮಾಲರು ಹೇರುತ್ತಿದ್ದಾಗ ಅವನು ಬಿಲ್ಟಿಗಾಗಿ ಕಚೇರಿಯ ಬಾಗಿಲಲ್ಲಿ ನಿಂತಿದ್ದನು. ತಾಡಪತ್ರಿ ಬಿಗಿದಾದ ಮೇಲೆ ಬರೆದಿಟ್ಟ ಅಂಕಿಯ ಕೆಳಗೆ ಸಹಿ ಮಾಡಿದನು. ತಾನು ಕಾಣದ ಎಣಿಕೆಗೆ ಅವನು ಜಾಮೀನಾದಂತಾಯಿತು. ಇದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಕಾಯಿದೆಯ ಮಾತೇ ಬೇರೆ. ಸಾಗಣೆದಾರನ ಮೇಲೆ ಅದು ಬಹಳ ಬಿಗಿಯಾದ ಹೊಣೆಯನ್ನು ಹೊರಿಸುತ್ತದೆ. 1703ರಲ್ಲಿ ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶ ಹೋಲ್ಟರು ಇದಕ್ಕೆ ಕಾರಣವನ್ನು ಹೇಳಿದ್ದರು: ಇಷ್ಟು ಬಿಗಿಯಿರದಿದ್ದರೆ ಸಾಗಣೆದಾರನು ಕಳ್ಳರೊಡನೆ ಒಳಗೊಳಗೇ ಕೂಡಿಕೊಂಡು ಜನರನ್ನು ಹಾಳುಮಾಡಬಹುದು, ಮಾಲಿನ ಒಡೆಯನಿಗೆ ಅದನ್ನು ಸಿದ್ಧಪಡಿಸುವ ದಾರಿಯೇ ಇರದು. ನಮ್ಮಲ್ಲಿ ಆ ತತ್ವವು 1865ರ ಕಾಯಿದೆಯೊಡನೆ ನಡೆದುಬಂದಿತು. ಅದರ ಸ್ಥಾನದಲ್ಲಿ ಬಂದ ರಸ್ತೆ ಸಾಗಣೆಯ 2007ರ ಕಾಯಿದೆಯು 2011ರ ಮಾರ್ಚ್ 1ರಿಂದ ನಡೆಯುತ್ತಿದೆ. ಅದರಂತೆ ಮಾಲು ಕಳೆದರೆ ಸಾಗಣೆದಾರನ ಅಲಕ್ಷ್ಯವನ್ನು ಒಡೆಯನು ರುಜುಪಡಿಸಬೇಕಾಗಿಲ್ಲ. ದೈವಿಕ ಆಪತ್ತು, ಯುದ್ಧ, ದಂಗೆ, ಸರಕಾರದ ಜಪ್ತಿ ಅಥವಾ ನಿರ್ಬಂಧ, ಇಂಥ ಕೆಲವು ಕಾರಣಗಳಿಗಷ್ಟೇ ವಿನಾಯಿತಿ.

ಆದರೆ ಇಲ್ಲೊಂದು ಭೇದವನ್ನು ಮರೆಯಬಾರದು. ಈ ಹೊಣೆ ಸಾಗಣೆಯ ಧಂದೆ ಮಾಡುವವನದು. ಬುಕಿಂಗ್ ಕಂಪನಿ, ಗುತ್ತಿಗೆದಾರ, ದಲಾಲರೂ ಅದರಲ್ಲಿ ಸೇರಿದ್ದಾರೆ. ಸ್ವಂತ ಲಾರಿಯಿಟ್ಟು ತಾನೇ ಬಾಡಿಗೆ ಹಿಡಿದು ನಡೆಸುವವನೂ ಈ ಹೊಣೆಗೆ ಸಿಕ್ಕಬಹುದು. ಪಗಾರಕ್ಕೆ ದುಡಿಯುವ ಚಾಲಕನ ಮಾತು ಹಾಗಲ್ಲ. 1936ರ ವೇತನ ಪಾವತಿ ಕಾಯಿದೆಯು ಹಾಕಿಕೊಟ್ಟ ಕಟ್ಟು, 2019ರ ವೇತನ ಸಂಹಿತೆಯಲ್ಲಿಯೂ ಇರುವ ಕಟ್ಟು, ಇದು: ನೌಕರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ಮಾಲು ಅವನದೇ ಅಲಕ್ಷ್ಯದಿಂದ ಕಳೆದಿದ್ದರೆ ಮಾತ್ರ ಪಗಾರದಲ್ಲಿ ಮುರಿಯಬಹುದು, ಮುರಿಯುವ ಮೊದಲು ಅವನ ಸಮಜಾಯಿಷಿಯನ್ನು ಕೇಳಬೇಕು, ಹಾನಿಗಿಂತ ಒಂದು ಪೈಯನ್ನೂ ಹೆಚ್ಚು ಮುರಿಯಕೂಡದು. ಒಪ್ಪಿಸುವುದೆಂದರೆ ಎಣಿಸಿ ಒಪ್ಪಿಸುವುದು ತಾನೆ?

ಕಳವಿನ ಮಾತು ಬೇರೆಯೇ. ಸಾಗಿಸಲು ನಂಬಿ ಕೊಟ್ಟ ಮಾಲನ್ನು ದುರುದ್ದೇಶದಿಂದ ನುಂಗಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನಂತೆ ಏಳು ವರ್ಷಗಳ ವರೆಗೆ ಸೆರೆಮನೆಯುಂಟು. ದಾರಿಯ ಢಾಬಾದಲ್ಲಿ ಚೀಲ ಇಳಿಸಿ ಮಾರುವವರು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಲೆಕ್ಕಕ್ಕೆ ಕಡಿಮೆ ಬಂದಿತೆಂಬ ಮಾತ್ರಕ್ಕೆ ಮನುಷ್ಯನನ್ನು ಕಳ್ಳನೆಂದು ಕರೆಯುವುದು ಸಲ್ಲದು. ಮೆಣಸಿನಕಾಯಿ ದಾರಿಯ ಬಿಸಿಲಿಗೆ ಒಣಗಿ ಹಗುರಾಗುತ್ತದೆ. ಮಳೆಗಾಲದ ಬೆಲ್ಲ ಬೆವತು ಗೋಣಿಗೆ ಅಂಟಿಕೊಳ್ಳುತ್ತದೆ. ಒಂದು ಕಾಟಾಕ್ಕೂ ಇನ್ನೊಂದಕ್ಕೂ ಕೆಲವು ಕಿಲೋ ವ್ಯತ್ಯಾಸ ಬೀಳುವುದೂ ಉಂಟು. ಚೀಲಗಳ ಎಣಿಕೆಯ ಕೊರತೆಯನ್ನೂ ತೂಕದ ಕೊರತೆಯನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು.

ಇನ್ನು ಸಂಸಾರಿಗರ ಮಾತು. ಮಗಳ ಮನೆಗೆ ಪಾತ್ರೆಯ ಪೆಟ್ಟಿಗೆ, ಅಳಿಯಂದಿರಿಗೆ ಕರದಂಟಿನ ಡಬ್ಬಿಗಳು, ವರ್ಗವಾದಾಗ ಮನೆಯ ಸಾಮಾನು, ಇವನ್ನೆಲ್ಲ ಪಾರ್ಸಲ್ ಲಾರಿಗೆ ಹಾಕುವವರು ನಾವೇ. ಹೆಚ್ಚಿನ ಅಪಾಯದ ದರವನ್ನು ಕೊಡಲು ಮೊದಲೇ ಒಪ್ಪಿರದಿದ್ದರೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಂತುಬಿಡುತ್ತದೆ. 80 ರೂಪಾಯಿ ಬಾಡಿಗೆಯ ಪೆಟ್ಟಿಗೆಯಲ್ಲಿ 10,000 ರೂಪಾಯಿಯ ಸೀರೆಯಿದ್ದು ಕಳೆದುಹೋದರೆ ದಕ್ಕುವುದು 800. ಆದ್ದರಿಂದ ಬೆಲೆಯನ್ನು ಬರೆಯಿಸಿ, ಆ ಹೆಚ್ಚಿನ ದರವನ್ನು ಕೊಟ್ಟು ಕಳಿಸುವುದು ಒಳಿತು. ಪಾವತಿಯ ಮೇಲೆ ‘ಮಾಲು ಒಡೆಯನ ಜವಾಬ್ದಾರಿ’ ಎಂದು ಅಚ್ಚಾಗಿದ್ದರೆ ಎದೆಗುಂದಬೇಕಿಲ್ಲ. ಹಾಗೆ ಬರೆದ ಮಾತ್ರಕ್ಕೆ ಸಾಗಣೆದಾರನು ತನ್ನ ಅಲಕ್ಷ್ಯದ ಹೊಣೆಯಿಂದ ಪಾರಾಗಲಾರನೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ನಾಥ್ ಬ್ರದರ್ಸ್ ಪ್ರಕರಣದಲ್ಲಿ ಹೇಳಿದೆ. ಆದರೆ ಮಾಲು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಬರಹದ ನೋಟೀಸು ಕೊಡದಿದ್ದರೆ ದಾವೆಯ ಬಾಗಿಲು ಮುಚ್ಚಿತು.

ಮಾಲು ಇಳಿಸಿಕೊಳ್ಳುವಾಗ ಸಹಿಗೆ ಮುಂಚೆ ಎಣಿಸಬೇಕು. ಕೊರತೆಯಿದ್ದರೆ ಚಾಲಕನೊಡನೆ ಜಗಳಕ್ಕೆ ನಿಲ್ಲದೆ, ‘320ರಲ್ಲಿ 318 ಮಾತ್ರ ಬಂದಿವೆ’ ಎಂದು ಪಾವತಿಯ ಮೇಲೆಯೇ ಬರೆದು, ದಿನಾಂಕ ಹಾಕಿ, ಅವನ ಸಹಿಯನ್ನೂ ತೆಗೆದುಕೊಂಡು, ಒಂದು ಪ್ರತಿಯನ್ನು ಅವನಿಗೂ ಕೊಡಬೇಕು. ತಾಡಪತ್ರಿಯ ಹಗ್ಗ ಕೊಯ್ದಿತ್ತೇ, ಬಾಗಿಲಿನ ಸೀಲು ಒಡೆದಿತ್ತೇ ಎಂಬುದನ್ನೂ ಅದರಲ್ಲಿ ಕಾಣಿಸಬೇಕು. ಸೀಲು ಅಖಂಡವಾಗಿದ್ದು ಅದರ ಅಂಕಿ ಬಿಲ್ಟಿಯ ಅಂಕಿಗೆ ಸರಿಹೊಂದಿದರೆ, ಆ ಎರಡು ಚೀಲಗಳನ್ನು ಹುಡುಕಬೇಕಾದುದು ಮಾಲು ಹೇರಿದ ಗೋದಾಮಿನಲ್ಲಿ.