ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತೆ ನಿಂಗೆ?

"ಮನೇಲಿ ಊಟ ಹಾಕಲ್ವೇನೇ?" "ಗಾಳಿ ಬಂದ್ರೆ ಹಾರಿಹೋಗ್ತೀಯ, ಕಂಬ ಹಿಡ್ಕೊ." "ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತೆ ನಿಂಗೆ?" ಸಣ್ಣ ಮೈಕಟ್ಟಿನ ಹೆಣ್ಣುಮಕ್ಕಳಿಗೆ ಮದುವೆಮನೆಯಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ, ಪರಿಚಯವೇ ಇಲ್ಲದವರಿಂದ ಬಸ್ಸಿನಲ್ಲಿ ಬಂದು ಬೀಳುವ ಮಾತುಗಳಿವು. ಕಡ್ಡಿ, ಒಣಕಲು, ನರಪೇತಲ ಎಂಬ ಹೆಸರುಗಳು ಶಾಲೆಯಲ್ಲೇ ಅಂಟಿಕೊಂಡಿರುತ್ತವೆ. ದಪ್ಪಗಿರುವವರನ್ನು ಆಡಿಕೊಳ್ಳುವುದು ತಪ್ಪು ಎಂದು ಈಚೆಗೆ ಕೆಲವರಿಗಾದರೂ ಅನ್ನಿಸತೊಡಗಿದೆ. ಸಣಕಲು ಹುಡುಗಿಗೆ ಆಡುವ ಮಾತು ಮಾತ್ರ ಇನ್ನೂ ಕಾಳಜಿಯ ಲೆಕ್ಕಕ್ಕೇ ಸೇರಿದೆ. ಅದಕ್ಕೇ ಅವಳು ಸಿಟ್ಟಾಗುವಂತೆಯೂ ಇಲ್ಲ. "ನಿನ್ನ ಒಳ್ಳೇದಕ್ಕೆ ತಾನೆ ಹೇಳಿದ್ದು" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಕಾಳಜಿ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಬರ, ಹಸಿವು ಕಂಡ ಸೀಮೆಯಲ್ಲಿ ತುಂಬಿದ ಮೈ ಎಂದರೆ ತುಂಬಿದ ಕಣಜ. "ಮೈಕೈ ತುಂಬಿಕೊಂಡಿದ್ದಾಳೆ" ಎನ್ನುವುದು ಇಂದಿಗೂ ಹೊಗಳಿಕೆಯೇ. ಹಾಗಾಗಿ ಸಣ್ಣಗಿರುವ ಮಗಳನ್ನು ನೋಡಿದವರು ಮೊದಲು ಅನುಮಾನಿಸುವುದು ಅಮ್ಮನ ಅಡುಗೆಮನೆಯನ್ನು. ಮದುವೆಯಾದ ಮೇಲೆ ಆ ಅನುಮಾನ ಅತ್ತೆಯ ಕಡೆಗೆ ತಿರುಗುತ್ತದೆ. ಗೌರಿ ಹಬ್ಬಕ್ಕೆ ತವರಿಗೆ ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು "ಎಷ್ಟು ಸೊರಗಿಬಿಟ್ಟಿದ್ದೀಯೇ" ಎಂದು ಅಮ್ಮ ಕಣ್ಣೊರೆಸಿಕೊಂಡರೆ, ಆ ಸುದ್ದಿ ಕೇಳಿ ಅತ್ತೆಮನೆಯವರು ಮುಖ ಗಂಟಿಕ್ಕುತ್ತಾರೆ. ಎರಡು ಮನೆಗಳ ಮರ್ಯಾದೆಯ ಲೆಕ್ಕವನ್ನು ಅವಳ ಕೆನ್ನೆಯ ಮೇಲೆ ಬರೆದಂತಿರುತ್ತದೆ. ಅವಳಿಗೆ ಏನನ್ನಿಸುತ್ತದೆ ಎಂದು ಕೇಳುವವರು ಯಾರೂ ಇಲ್ಲ.

ತಿಂದದ್ದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ನಿಜಕ್ಕೂ ಕೇಳಿಕೊಂಡಿದ್ದಾರೆ. 1990ರಲ್ಲಿ ಪ್ರಕಟವಾದ ಕೆನಡಾದ ಕ್ಲಾಡ್ ಬುಶಾರ್ ತಂಡದ ಅಧ್ಯಯನದಲ್ಲಿ 12 ಜೋಡಿ ತದ್ರೂಪಿ ಅವಳಿ ಯುವಕರಿಗೆ ದಿನಕ್ಕೆ 1,000 ಕ್ಯಾಲೊರಿ ಹೆಚ್ಚುವರಿ ಊಟ ಕೊಡಲಾಯಿತು. 100 ದಿನಗಳಲ್ಲಿ 84 ದಿನ ಹೀಗೆ ತಿನ್ನಿಸಿದ ಮೇಲೆ ಒಬ್ಬನ ತೂಕ 4 ಕಿಲೊದಷ್ಟು ಏರಿದ್ದರೆ, ಇನ್ನೊಬ್ಬನದು 13 ಕಿಲೊ ಏರಿತ್ತು. ಆದರೆ ಒಂದೇ ಜೋಡಿಯ ಅಣ್ಣತಮ್ಮಂದಿರ ಏರಿಕೆ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿತ್ತು. ಅಮೆರಿಕದ ಮೇಯೊ ಕ್ಲಿನಿಕ್‌ನ ಜೇಮ್ಸ್ ಲೆವಿನ್ ತಂಡ 1999ರಲ್ಲಿ 16 ಜನರಿಗೆ ಎಂಟು ವಾರ ಹೀಗೆಯೇ ಹೆಚ್ಚು ತಿನ್ನಿಸಿ ನೋಡಿತು. ಕೆಲವರಲ್ಲಿ ಅರ್ಧ ಕಿಲೊ ಕೊಬ್ಬೂ ಸೇರಲಿಲ್ಲ, ಕೆಲವರಲ್ಲಿ 4 ಕಿಲೊ ಸೇರಿತು. ಕೊಬ್ಬು ಸೇರದವರ ಮೈ ತನಗೇ ಅರಿವಿಲ್ಲದೆ ಚಡಪಡಿಸುತ್ತ, ಎದ್ದು ಕೂತು ಓಡಾಡುತ್ತ ಹೆಚ್ಚುವರಿ ಊಟದ ಬಹುಪಾಲನ್ನು ಸುಟ್ಟು ಹಾಕಿತ್ತು. 2019ರಲ್ಲಿ ಕೇಂಬ್ರಿಜ್‌ನ ಸದಾಫ್ ಫಾರೂಕಿ ಮತ್ತು ಸಂಗಡಿಗರು ಆರೋಗ್ಯವಾಗಿದ್ದೂ ತೆಳ್ಳಗಿರುವ 1,622 ಜನರ ವಂಶವಾಹಿಗಳನ್ನು ಪರಿಶೀಲಿಸಿದರು. ಬೊಜ್ಜು ಹೆಚ್ಚಿಸುವ ವ್ಯತ್ಯಾಸಗಳು ಅವರಲ್ಲಿ ಉಳಿದವರಿಗಿಂತ ಕಡಿಮೆ ಇದ್ದವು. ತೆಳ್ಳಗಿನ ಮೈಯೂ ಎತ್ತರದ ಹಾಗೆ ಸಾಕಷ್ಟು ಮಟ್ಟಿಗೆ ಹುಟ್ಟಿನಿಂದಲೇ ಬರುವಂಥದ್ದು.

ಇದನ್ನು ಹೆಣ್ಣು ನೋಡಲು ಬಂದವರ ಮುಂದೆ ವಿವರಿಸುವುದು ಹೇಗೆ? "ಹುಡುಗಿ ಲಕ್ಷಣವಾಗಿದ್ದಾಳೆ, ಸ್ವಲ್ಪ ಮೈ ಬರಬೇಕಿತ್ತು" ಎಂದು ಚಹಾ ಕುಡಿದು ಎದ್ದು ಹೋಗುತ್ತಾರೆ. ಬಸುರಿಯಾದರೆ "ಈ ಸೊಂಟದಲ್ಲಿ ಹೆರಿಗೆ ಹೇಗಪ್ಪ", ಬಾಣಂತಿಯಾದರೆ "ಈ ಮೈಯಲ್ಲಿ ಹಾಲೆಲ್ಲಿಂದ ಬರಬೇಕು". ಎರಡೂ ಮಾತು ಸುಳ್ಳು. ಹೆರಿಗೆಯ ದಾರಿಯ ಅಗಲ ಹೊರಗಿನ ಸುತ್ತಳತೆಯಿಂದ ತಿಳಿಯುವಂಥದ್ದಲ್ಲ. ಎದೆಯ ಗಾತ್ರ ಬಹುಮಟ್ಟಿಗೆ ಕೊಬ್ಬಿನಿಂದ ಬರುತ್ತದೆ, ಹಾಲು ಬರುವುದು ಗ್ರಂಥಿಗಳಿಂದ. ಹಸಿ ಬಾಣಂತಿಯ ಕಿವಿಗೆ ಇಂಥ ಮಾತು ಬಿದ್ದರೆ ಅವಳಿಗೆ ತನ್ನ ಹಾಲಿನ ಮೇಲಿನ ನಂಬಿಕೆ ಹೋಗುತ್ತದೆ, ಮನೆಗೆ ಪುಡಿಹಾಲಿನ ಡಬ್ಬಿ ಬರುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಇದು. ಗರ್ಭಿಣಿಯ ತೂಕ ಮೊದಲೇ ಕಡಿಮೆಯಿದ್ದರೆ ಅವಳು ಉಳಿದವರಿಗಿಂತ ಸ್ವಲ್ಪ ಹೆಚ್ಚು, 12.5ರಿಂದ 18 ಕಿಲೊದವರೆಗೆ ತೂಕ ಹೆಚ್ಚಿಸಿಕೊಳ್ಳಬೇಕು ಎಂಬ ವೈದ್ಯಕೀಯ ಸಲಹೆಯಿದೆ. ಅದು ತಪಾಸಣೆಯ ಕೋಣೆಯಲ್ಲಿ ಮೆಲ್ಲಗೆ ಹೇಳಬೇಕಾದ ಮಾತು. ಸೀಮಂತದ ಜಮಖಾನದ ಮೇಲೆ ಆಡುವ ಮಾತಲ್ಲ.

ಬಳೆ ಅಂಗಡಿಯಲ್ಲಿ 2.2 ಅಳತೆ ಕೇಳಿದರೆ ಮಕ್ಕಳ ಬಳೆ ತೆಗೆದು ತೋರಿಸುತ್ತಾರೆ. ಕಾಲೇಜಿನ ರಕ್ತದಾನ ಶಿಬಿರದಲ್ಲಿ ತೂಕ 45 ಕಿಲೊಗಿಂತ ಕಡಿಮೆಯಿದ್ದರೆ ವಾಪಸ್ ಕಳಿಸುತ್ತಾರೆ. ನಿಯಮ ಅವಳ ರಕ್ಷಣೆಗೇ ಇದೆ, ಆದರೆ ಸಾಲಿನಲ್ಲಿ ನಿಂತವರ ನಗು ಅವಳ ಹಿಂದೆಯೇ ಬರುತ್ತದೆ. ಹೀಗೆ ಬೇಸತ್ತವರು ದಪ್ಪ ಕಾಣಲೆಂದು ಸೆಕೆಯಲ್ಲೂ ಎರಡು ಪದರ ಬಟ್ಟೆ ಹಾಕುತ್ತಾರೆ, ತೋಳಿಲ್ಲದ ರವಿಕೆಯ ಆಸೆ ಬಿಡುತ್ತಾರೆ. ಕೊನೆಗೆ "ತಿಂಗಳಲ್ಲಿ ಮೈ ಬರುತ್ತೆ" ಎನ್ನುವ ಪುಡಿ, ಮಾತ್ರೆಗಳಿಗೆ ಕೈಹಾಕುತ್ತಾರೆ. ಇಲ್ಲಿ ಎಚ್ಚರ ಬೇಕು. ಹಸಿವು ಹೆಚ್ಚಿಸಲೆಂದು ಕೊಡುವ ಸಿಪ್ರೊಹೆಪ್ಟಡಿನ್ ಅಸಲಿಗೆ ಅಲರ್ಜಿಯ ಔಷಧ, ತೂಕಡಿಕೆ ತರುತ್ತದೆ. ಡೆಕ್ಸಾಮೆಥಸೋನ್‌ನಂಥ ಸ್ಟಿರಾಯ್ಡ್ ನುಂಗಿದರೆ ಮುಖ ಊದಿಕೊಳ್ಳುವುದನ್ನೇ ಮೈ ಬಂತು ಎಂದು ತಿಳಿಯುತ್ತಾರೆ. ಒಳಗೆ ಸಕ್ಕರೆ, ರಕ್ತದೊತ್ತಡ ಏರುತ್ತಿರುತ್ತವೆ, ಮೂಳೆ ಸವೆಯುತ್ತಿರುತ್ತದೆ.

ಆದರೆ ಒಂದು ಮಾತನ್ನು ಮರೆತರೆ ಈ ವಾದವೇ ಅನ್ಯಾಯವಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 17.2ರಷ್ಟು ಮಂದಿಯ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 18.5ಕ್ಕಿಂತ ಕಡಿಮೆ. ರಕ್ತಹೀನತೆ ಇರುವವರು ಶೇ 47.8. ಇವರಲ್ಲಿ ಎಷ್ಟೋ ಮಂದಿ ಹುಟ್ಟಾ ತೆಳ್ಳಗಿನವರಲ್ಲ. ಮನೆಮಂದಿಯೆಲ್ಲ ಉಂಡಾದ ಮೇಲೆ ತಳದಲ್ಲಿ ಉಳಿದ ಸಾರಿನಲ್ಲಿ ಊಟ ಮುಗಿಸುವವರು, ಸಾರಿನಲ್ಲಿ ಬೇಳೆಯೇ ಇಲ್ಲದವರು. 160 ಸೆಂಟಿಮೀಟರ್ ಎತ್ತರ, 44 ಕಿಲೊ ತೂಕ ಇರುವ ಇಬ್ಬರು ಹೆಂಗಸರು ಅಕ್ಕಪಕ್ಕ ನಿಂತರೆ ಇಬ್ಬರ ಬಿಎಂಐ ಕೂಡ 17.2. ಒಬ್ಬಳು ಅಜ್ಜಿಯ ಮೈಕಟ್ಟನ್ನು ಪಡೆದವಳಿರಬಹುದು, ಇನ್ನೊಬ್ಬಳು ಹಸಿದವಳಿರಬಹುದು. ಕಣ್ಣಳತೆಗೆ ಈ ವ್ಯತ್ಯಾಸ ಸಿಗುವುದಿಲ್ಲ. ಹಸಿದವಳಿಗೆ "ಸೊರಗಿದ್ದೀಯಲ್ಲ" ಎನ್ನುವುದರಿಂದ ಒಂದು ತುತ್ತೂ ಹೆಚ್ಚು ಸಿಗುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ, ಅವು ವೈದ್ಯರು ಕೇಳುವಂಥವು. ಪ್ರಾಯಕ್ಕೆ ಬಂದಾಗಿನಿಂದ ತೂಕ ಹೀಗೇ ಇದೆಯೇ? ಮುಟ್ಟು ಸರಿಯಾಗಿ ಆಗುತ್ತಿದೆಯೇ? ಹಿಮೋಗ್ಲೋಬಿನ್ ಎಷ್ಟು? ಊಟವೆಂದರೆ ಹೆದರಿಕೆ ಇದೆಯೇ? ಎಲ್ಲವೂ ನೆಟ್ಟಗಿದ್ದರೆ ಅದು ಅವಳ ಮೈಯ ಸಹಜ ಸ್ಥಿತಿ. ಪ್ರಯತ್ನವಿಲ್ಲದೆ ಆರೇಳು ತಿಂಗಳಲ್ಲಿ ಬಟ್ಟೆ ಸಡಿಲವಾದರೆ ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯದ ಪರೀಕ್ಷೆ ಮಾಡಿಸಬೇಕು. ತೆಳ್ಳಗಿನವರ ಮೂಳೆ ಮುಟ್ಟು ನಿಂತ ಮೇಲೆ ಬೇಗ ಟೊಳ್ಳಾಗುವ ಸಂಭವ ಹೆಚ್ಚು. ಅದಕ್ಕೆ ಮೊದಲೇ ಭಾರ ಎತ್ತುವ ವ್ಯಾಯಾಮ ಮಾಡುವುದು ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಮುದ್ದೆ ಉಣ್ಣುವವರು ಪುಣ್ಯವಂತರು.

2008ರಲ್ಲಿ 'ತಶನ್' ಚಿತ್ರಕ್ಕಾಗಿ ಕರೀನಾ ಕಪೂರ್ ಇಳಿಸಿಕೊಂಡ ತೂಕ 'ಸೈಜ್ ಜೀರೊ' ಎಂಬ ಮಾತನ್ನು ಮನೆಮನೆಗೆ ತಂದಿತು. ಆಗಿನಿಂದ ಸಣ್ಣಗಿನ ಹುಡುಗಿಗೆ "ನಿಂಗೇನಮ್ಮ, ಮಾಡೆಲ್ ಥರ ಇದ್ದೀಯ" ಎಂಬ ಮಾತೂ ಸೇರಿಕೊಂಡಿತು. ಅದಕ್ಕೆ ಉತ್ತರವೆಂಬಂತೆ "ನಿಜವಾದ ಹೆಣ್ಣಿಗೆ ಮೈ ಇರಬೇಕು" ಎನ್ನುವವರೂ ಹುಟ್ಟಿಕೊಂಡರು. ದಪ್ಪಗಿರುವವರು ಪಡುವ ಅವಮಾನ ದೊಡ್ಡದು, ಅದನ್ನು ಅಲ್ಲಗಳೆಯಲಾರೆ. ಆದರೆ ಅವರಿಗೆ ಧೈರ್ಯ ಹೇಳಲು ಇನ್ನೊಬ್ಬಳ ಹೆಣ್ತನವನ್ನೇ ಕಿತ್ತುಕೊಳ್ಳಬೇಕಿಲ್ಲ.

ಮನೆಯಲ್ಲಿ ಇಂಥ ಹುಡುಗಿ ಬೆಳೆಯುತ್ತಿದ್ದರೆ ಅವಳ ಎತ್ತರ, ತೂಕವನ್ನು ಆರು ತಿಂಗಳಿಗೊಮ್ಮೆ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಯಾವ ವೈದ್ಯರ ಬಳಿ ಹೋದರೂ ಅದು ನೆರವಿಗೆ ಬರುತ್ತದೆ. ಬಡಿಸುವಾಗ ಅವಳು ಸಾಕೆಂದರೆ ಸಾಕು. ನೆಂಟರು ಬಂದು "ಊಟ ಹಾಕಲ್ವಾ" ಎಂದರೆ ಅವಳು ಬಾಯಿ ತೆರೆಯುವ ಮೊದಲೇ ಅಮ್ಮನೋ ಅಪ್ಪನೋ "ನಮ್ಮ ವಂಶದವರೆಲ್ಲ ಹೀಗೇ, ಅವಳು ಚೆನ್ನಾಗಿದ್ದಾಳೆ" ಎಂದು ಹೇಳಿ ಮಾತು ಬೇರೆಡೆಗೆ ತಿರುಗಿಸಲಿ.