ಹಸುವಿನ ಕೆಚ್ಚಲಿಗೆ ಒಂದು ಹೊತ್ತು, ನಮ್ಮ ಮೈಗೆ ಆರು ತಿಂಗಳೇ?



ಕೆಚ್ಚಲು ಬಾವು, ಕೃತಕ ಗರ್ಭಧಾರಣೆ, ಮೇವು ಎಂದು ಬರೆಯುವ ನಾನು ಈ ಸಲ ಹಸುವಿನ ಬದಲು ಹಸು ಸಾಕುವವರ ಆರೋಗ್ಯದ ಬಗ್ಗೆ ಬರೆಯುತ್ತಿದ್ದೇನೆ. ನಾನು ಪಶುವೈದ್ಯೆ. ಮನುಷ್ಯರಿಗೆ ಔಷಧಿ ಹೇಳುವುದು ನನ್ನ ಕೆಲಸವಲ್ಲ. ಆದರೆ ನಿಮ್ಮ ಕೊಟ್ಟಿಗೆಯಲ್ಲಿ ಕಣ್ಣಾರೆ ಕಂಡದ್ದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆ ತಾಯಿಯ ಒಪ್ಪಿಗೆ ಪಡೆದು, ಹೆಸರು, ಊರು ಬಿಟ್ಟು ಹೇಳುತ್ತೇನೆ.

ದಸರಾ ಮುಗಿದ ವಾರ. ಬೆಳಿಗ್ಗೆ ಆರೂವರೆಗೆ ಫೋನು. "ಮೇಡಂ, ಹಿಂದಿನ ಬಲ ಮೊಲೇಲಿ ಹಾಲು ತರಿತರಿ ಬತ್ತಾ ಐತೆ. ಕೈಗೆ ಗಟ್ಟಿ ಸಿಕ್ತದೆ. ಬೇಗ ಬನ್ನಿ." ಅವರು ಸಂಘಕ್ಕೆ ಇಪ್ಪತ್ತು ವರ್ಷದಿಂದ ಹಾಲು ಹಾಕುವ ಸದಸ್ಯೆ. ಎರಡು ಮಿಶ್ರತಳಿ ಹಸು. ನಾನು ಹೋಗಿ ನೋಡಿದಾಗ ಕೆಚ್ಚಲು ಬಾವು ಆಗಷ್ಟೇ ಶುರುವಾಗಿತ್ತು. ಅವರ ಕೈಗೆ ಬೇಗ ಸಿಕ್ಕಿದ್ದರಿಂದ ಆ ಮೊಲೆ ಉಳಿಯಿತು.

ನಾನು ಕೈ ತೊಳೆಯುತ್ತಿದ್ದಾಗ ಅವರು ತಗ್ಗಿದ ದನಿಯಲ್ಲಿ ಅಂದರು, "ಮೇಡಂ, ನಂಗೂ ಇಲ್ಲೊಂದು ಗಂಟು ಐತೆ. ನೋವೇನಿಲ್ಲ."

"ಯಾವಾಗಿಂದ ಅಮ್ಮ?"

"ಯುಗಾದಿಗೂ ಮುಂಚಿಂದ."

ಹಸುವಿನ ಗಂಟಿಗೆ ಒಂದು ಹೊತ್ತೂ ಕಾಯದವರು ತಮ್ಮ ಗಂಟಿಗೆ ಆರು ತಿಂಗಳು ಕಾದಿದ್ದರು.

ಕೊಟ್ಟಿಗೆಯ ಲೆಕ್ಕ ಇಲ್ಲಿ ನಡೆಯದು

ಅವರು ಕಾದದ್ದಕ್ಕೆ ಕಾರಣವಿದೆ. ಕೆಚ್ಚಲು ಬಾವು ಸೋಂಕಿನಿಂದ ಬರುವುದು. ಊದುತ್ತದೆ, ಬಿಸಿಯಾಗುತ್ತದೆ, ಮುಟ್ಟಿದರೆ ಹಸು ಒದೆಯುತ್ತದೆ. ಹಸುಗಳ ಕೆಚ್ಚಲಿನಲ್ಲಿ ಕ್ಯಾನ್ಸರ್ ತೀರಾ ಅಪರೂಪ. ಹೀಗಾಗಿ "ನೋವಿದ್ದರೆ ರೋಗ, ನೋವಿಲ್ಲದಿದ್ದರೆ ಏನೂ ಇಲ್ಲ" ಎನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಹೆಂಗಸರ ಸ್ತನದ ವಿಷಯದಲ್ಲಿ ಈ ಲೆಕ್ಕ ಮೋಸ ಮಾಡುತ್ತದೆ. ಸ್ತನ ಕ್ಯಾನ್ಸರ್‌ನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಅಲ್ಲವೇ ಅಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಕೈಯಿಂದ ಮುಟ್ಟಿ ಹೇಳಲಾಗದು. ಪರೀಕ್ಷೆಯೇ ಆಗಬೇಕು.

ತಾಯಂದಿರೇ, ದಿನಕ್ಕೆ ಎರಡು ಸಲ ಕೆಚ್ಚಲು ತೊಳೆದು ಹಾಲು ಕರೆಯುವ ನಿಮ್ಮ ಬೆರಳಿಗೆ ಸಣ್ಣ ಗಡಸೂ ತಿಳಿಯುತ್ತದೆ. ಅದೇ ಬೆರಳಿನಿಂದ ತಿಂಗಳಿಗೊಮ್ಮೆ ನಿಮ್ಮನ್ನೂ ನೋಡಿಕೊಳ್ಳಿ. ಮುಟ್ಟಾಗುವವರು ಮುಟ್ಟು ಮುಗಿದ ಕೆಲವು ದಿನಕ್ಕೆ, ಮುಟ್ಟು ನಿಂತವರು ತಿಂಗಳ ಮೊದಲ ಬಟವಾಡೆ ದಿನ ಎಂದು ಗುರುತಿಟ್ಟುಕೊಳ್ಳಿ. ಹೊಸ ಗಂಟು, ಚರ್ಮದಲ್ಲಿ ಗುಳಿ, ತೊಟ್ಟು ಒಳಕ್ಕೆ ಎಳೆದಂತಾಗುವುದು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಿ. 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಗಂಡಸರೇ, ಹೆಂಗಸರೇ, ಬಾಯಿಯ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ನೀವೂ ತೋರಿಸಬೇಕು.

ಹಾಲಿನ ದಾರಿಯಲ್ಲೇ ಇರುವ ಆಸ್ಪತ್ರೆ

ಜಿಲ್ಲಾ ಆಸ್ಪತ್ರೆಯಿಂದ ಅವರನ್ನು ಬೆಂಗಳೂರಿನ ಕಿದ್ವಾಯಿಗೆ ಕಳಿಸಿದರು. ಆ ಹೆಸರು ಕೇಳಿದರೇ ನಮ್ಮ ಹಳ್ಳಿಗಳಲ್ಲಿ "ಆಯ್ತು, ಮುಗೀತು" ಎನ್ನುವವರಿದ್ದಾರೆ. ಹಾಗೇನಿಲ್ಲ. ನಮ್ಮ ಕೆಎಂಎಫ್ ಕಚೇರಿ ಇರುವ ಡಾ. ಎಂ.ಎಚ್. ಮರಿಗೌಡ ರಸ್ತೆಯಲ್ಲೇ, ಡೇರಿ ಸರ್ಕಲ್‌ಗೆ ಹತ್ತಿರದಲ್ಲೇ ಇರುವ ಆಸ್ಪತ್ರೆ ಅದು. 1973ರಲ್ಲಿ ಶುರುವಾಗಿ, 1980ರಲ್ಲಿ ಕೇಂದ್ರ ಸರ್ಕಾರದಿಂದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಎಂಬ ಮಾನ್ಯತೆ ಪಡೆಯಿತು. ದೇಶದ ಆಹಾರ ಮತ್ತು ಕೃಷಿ ಮಂತ್ರಿಯಾಗಿದ್ದ ರಫಿ ಅಹಮದ್ ಕಿದ್ವಾಯಿ ಅವರ ಹೆಸರು ಅದಕ್ಕಿದೆ. ಕಲಬುರಗಿಯಲ್ಲೂ ಕಿದ್ವಾಯಿಯ ಕೇಂದ್ರವಿದೆ. 2025ರಿಂದ ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಂಥ ಕೀಮೋ ಘಟಕಗಳು ಶುರುವಾಗಿವೆ. ನಿಮ್ಮ ಜಿಲ್ಲೆಯಲ್ಲಿ ಇದೆಯೇ ಎಂದು ವಿಚಾರಿಸಿ.

ಅಲ್ಲಿ ಮೊದಲು ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಅದೇ ಬಯಾಪ್ಸಿ. "ಸೂಜಿ ತಾಗಿಸಿದರೆ ಹರಡುತ್ತದೆ" ಎಂದು ಹೆದರಿಸುವವರ ಮಾತು ಕೇಳಬೇಡಿ. ಬಯಾಪ್ಸಿ ಆಗದೆ ಯಾವ ಔಷಧಿ ಎಂದು ತೀರ್ಮಾನಿಸುವುದಕ್ಕೇ ಆಗದು. ಈ ತಾಯಿಗೆ 21 ದಿನಕ್ಕೊಮ್ಮೆಯಂತೆ ಕೀಮೋ, ಆಮೇಲೆ ಆಪರೇಷನ್, ಆಮೇಲೆ ಕೆಲವು ವಾರ ವಿಕಿರಣ ಚಿಕಿತ್ಸೆ ಎಂದಾಯಿತು. ವಿಕಿರಣ ದಿನಕ್ಕೆ ಕೆಲವೇ ನಿಮಿಷ. ಆದರೆ ವಾರಕ್ಕೆ ಐದು ದಿನ, ತಪ್ಪಿಸುವಂತಿಲ್ಲ.

ಹಸು ಯಾರು ಕರೆಯುತ್ತಾರೆ?

ಕೈಯಲ್ಲಿ ಚೀಟಿ ಹಿಡಿದು ಅವರು ಕೇಳಿದ್ದು "ನಾನು ಉಳೀತೀನಾ" ಎಂದಲ್ಲ. "ಹಸು ಯಾರು ಕರೀತಾರೆ ಮೇಡಂ?" ಎಂದು. ಹಸು ಮಾರಿಬಿಡುವ ಮಾತೂ ಮನೆಯಲ್ಲಿ ಬಂದಿತ್ತು. ಹಸು ಹೋದರೆ ಬಟವಾಡೆ ಹೋಗುತ್ತದೆ, ಬಟವಾಡೆ ಹೋದರೆ ಆಸ್ಪತ್ರೆಗೆ ಓಡಾಡುವ ಖರ್ಚು ಎಲ್ಲಿಂದ?

ಇಲ್ಲಿ ನನ್ನ ಕೆಲಸ ಶುರುವಾಯಿತು. ಒಂದು ಹಸು ಏಳು ತಿಂಗಳ ಗಬ್ಬ. ಕರು ಹಾಕುವ 60 ದಿನ ಮೊದಲು ಹೇಗೂ ಬತ್ತಿಸಬೇಕು, ಬತ್ತಿಸಿದೆವು. ಇನ್ನೊಂದನ್ನು ಪಕ್ಕದ ಮೂರು ಮನೆಯ ಹೆಣ್ಣುಮಕ್ಕಳು ಸರದಿಯಲ್ಲಿ ಕರೆದು ಅವರ ಹೆಸರಿಗೇ ಹಾಲು ಹಾಕಿದರು. ನಾಟಿಗೆ ಮುಯ್ಯಾಳು ಹೋಗುವುದು ನಮಗೆ ಹೊಸದಲ್ಲವಲ್ಲ. ಇದೂ ಮುಯ್ಯಿಯೇ.

ಆ ನಡುವೆ ಒಂದು ಕಹಿಯೂ ಆಯಿತು. "ಆ ಮನೆ ಹಾಲು ತಗೋಬಹುದಾ?" ಎಂದು ಸಂಘದ ಮುಂದೆ ಯಾರೋ ಕೇಳಿದರು. ಬಂಧುಗಳೇ, ಸ್ಪಷ್ಟವಾಗಿ ಹೇಳುತ್ತೇನೆ. ಕ್ಯಾನ್ಸರ್ ಅಂಟುರೋಗವಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ, ಅವರ ಮನೆಯ ಹಾಲು ಕುಡಿದರೆ ಬರುವುದಿಲ್ಲ.

ಕೀಮೋ ನಡೆಯುವಾಗ ಕೊಟ್ಟಿಗೆಯಿಂದ ದೂರ

ಆದರೆ ಕೀಮೋ ಪಡೆಯುವವರಿಗೆ ಕೊಟ್ಟಿಗೆಯಿಂದ ಅಪಾಯವುಂಟು. ಕೀಮೋ ಆದ ಒಂದೆರಡು ವಾರದಲ್ಲಿ ರಕ್ತದ ಬಿಳಿಕಣಗಳು ಕಡಿಮೆಯಾಗಿ, ಸಣ್ಣ ಸೋಂಕೂ ದೊಡ್ಡದಾಗಬಹುದು. ಪಶುವೈದ್ಯೆಯಾಗಿ ನನ್ನ ಸಲಹೆ ಇಷ್ಟು.

ಸಗಣಿ ಬಾಚುವುದು, ಕಾಯಿಲೆ ಹಸುವಿನ ಆರೈಕೆ ಬೇರೆಯವರು ಮಾಡಲಿ. ಕಂದು ಹಾಕಿದ ಹಸುವಿನ ಹತ್ತಿರ ಹೋಗಲೇಬೇಡಿ, ಕರು ಹಾಕಿದ ಹಸುವಿನ ಮಾಸನ್ನು ಮುಟ್ಟಬೇಡಿ. ಬ್ರುಸೆಲ್ಲಾ ರೋಗ ಮನುಷ್ಯರಿಗೂ ಬರುತ್ತದೆ. ಹಾಲನ್ನು ಚೆನ್ನಾಗಿ ಕುದಿಸದೆ ಕುಡಿಯಬೇಡಿ. ಮೈ 100.4 ಡಿಗ್ರಿ ಬಿಸಿಯಾದರೆ ಮನೆಯಲ್ಲಿ ಮಾತ್ರೆ ನುಂಗಿ ಮಲಗದೆ ಆಗಲೇ ಆಸ್ಪತ್ರೆಗೆ ಹೋಗಿ. ಕಂಕುಳಿನ ಗಂಟು ತೆಗೆದ ಆಪರೇಷನ್ ಆದ ಮೇಲೆ ಆ ಬದಿಯ ಕೈ ಊದಿಕೊಳ್ಳಬಹುದು. ತುಂಬಿದ ಕ್ಯಾನ್ ಎತ್ತುವುದು, ಕೈಯಿಂದ ಹಾಲು ಕರೆಯುವುದು ಮತ್ತೆ ಯಾವಾಗ ಎಂದು ಡಾಕ್ಟರನ್ನು ಕೇಳಿಯೇ ಶುರುಮಾಡಿ.

ರಕ್ತದ ಕಾಯಿಲೆ, ಮಕ್ಕಳ ವಿಷಯ

ಉಣ್ಣೆಯಿಂದ ಬರುವ ಥೈಲೇರಿಯಾ ಹಿಡಿದ ಹಸುವಿಗೆ ಜ್ವರ, ಊದಿದ ಗಂಟು, ಬಿಳಿಚಿದ ಕಣ್ಣು ಇರುವುದನ್ನು ನೀವು ನೋಡಿದ್ದೀರಿ. ಮಗುವಿಗೂ ಬಿಡದ ಜ್ವರ, ಬಿಳಿಚಿಕೊಂಡ ಮುಖ, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ, ಒಸಡಿನಲ್ಲಿ ರಕ್ತ, ಮೂಳೆ ನೋವು ಇದ್ದರೆ ದೃಷ್ಟಿ ತೆಗೆದು ಸುಮ್ಮನಾಗಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರ್‌ಗೆ ಚಿಕಿತ್ಸೆ ಎರಡು ವರ್ಷಕ್ಕೂ ಮೀರಿ ನಡೆಯುತ್ತದೆ, ಪೂರ್ತಿ ಮಾಡಿದರೆ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. ಮಗು ಆಡಿಕೊಂಡಿದೆ ಎಂದು ನಡುವೆ ನಿಲ್ಲಿಸಿದರೆ ರೋಗ ಮರಳಬಹುದು. ಕೆಚ್ಚಲು ಬಾವಿಗೆ ಒಂದೇ ಇಂಜೆಕ್ಷನ್ ಕೊಡಿಸಿ ನಿಲ್ಲಿಸಿದವರಿಗೆ ಇದು ಗೊತ್ತು.

ಇಂಥ ರೋಗಿಗಳಿಗೆ ರಕ್ತದ ಪ್ಲೇಟ್‌ಲೆಟ್ ಬೇಕಾಗುತ್ತದೆ. ಹಾಲಿನಂತೆ ಅದೂ ಹೆಚ್ಚು ಕಾಲ ಇಡಲು ಬಾರದ್ದು, ಐದೇ ದಿನ. ನಮ್ಮ ಸಂಘಗಳ ಯುವಕ ಯುವತಿಯರು ರಕ್ತ ಕೊಡಲು ಮುಂದೆ ಬರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು.

ಹೋಗುವ ಮೊದಲು

ಆಧಾರ್, ರೇಷನ್ ಕಾರ್ಡ್, ಹಳೆಯ ಎಲ್ಲ ರಿಪೋರ್ಟು ಮತ್ತು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಒಂದೇ ಕವರಿನಲ್ಲಿಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ, ನಡುವೆ ನಿಂತು, 2023ರಿಂದ ಮತ್ತೆ ನಡೆಯುತ್ತಿದೆ. ನೋಂದಣಿಯ ಕೊನೆ ದಿನ, ಯಾವ ಚಿಕಿತ್ಸೆ ಪಟ್ಟಿಯಲ್ಲಿದೆ ಎಂಬುದನ್ನು ಸಂಘದ ಕಾರ್ಯದರ್ಶಿಯವರಲ್ಲಿ ಈಗಲೇ ಕೇಳಿಟ್ಟುಕೊಳ್ಳಿ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿದರೆ ರೈಲಿನಲ್ಲಿ ರಿಯಾಯಿತಿ ಇದೆ.

ಆ ತಾಯಿಗೆ ಒಂದು ಸ್ತನ ತೆಗೆಯಬೇಕಾಯಿತು. ಯುಗಾದಿಗೇ ಹೋಗಿದ್ದರೆ ಅದು ತಪ್ಪುತ್ತಿತ್ತೋ ಏನೋ, ನಾನು ಹೇಳಲಾರೆ. ಈಗಲೂ ಅವರು ತಪಾಸಣೆಗೆ ಹೋಗಿಬರುತ್ತಾರೆ. ಬತ್ತಿಸಿದ್ದ ಹಸು ಹೆಣ್ಣುಗರು ಹಾಕಿತು. ಕಳೆದ ತಿಂಗಳು ಅದಕ್ಕೆ ಬ್ರುಸೆಲ್ಲಾ ಲಸಿಕೆ ಹಾಕಲು ಹೋದಾಗ ಕರುವನ್ನು ಹಿಡಿದುಕೊಂಡವನು ಮಗ. ಅವರು ಕೊಟ್ಟಿಗೆಯ ಹೊರಗೆ ಕುರ್ಚಿ ಹಾಕಿಕೊಂಡು, "ಸರಿಯಾಗಿ ಹಿಡ್ಕೊಳ್ಳೋ" ಎಂದು ಗದರುತ್ತಿದ್ದರು.

ಹಸುವಿಗೆ ಏನಾದರೂ ಆದರೆ ನೀವು ಆ ಹೊತ್ತಿಗೇ ಫೋನು ಮಾಡುತ್ತೀರಿ, ಮಾಡಬೇಕು. ನಿಮಗೆ ಏನಾದರೂ ಆದಾಗಲೂ ಅಷ್ಟೇ ಅವಸರ ಮಾಡಿ. ಹಸು ಕರೆಯುವುದಕ್ಕೆ ಅಕ್ಕಪಕ್ಕದವರಿದ್ದಾರೆ, ಹಸು ನೋಡುವುದಕ್ಕೆ ನಾವಿದ್ದೇವೆ.

ಇಂತಿ ನಿಮ್ಮ,
ಪಶುವೈದ್ಯಾಧಿಕಾರಿ