ಕ್ಯಾಮೆರಾ ಕಂಡಾಗ ಮಾತ್ರ ಬ್ರೇಕು

ಅರಸೀಕೆರೆಯಿಂದ ಬಾಣಾವರ, ಜಾವಗಲ್ ದಾಟಿ ಹಳೇಬೀಡು, ಬೇಲೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ವೇಗಕ್ಕೆ ಕಡಿವಾಣ ಹಾಕುವುದು ಹಂಪು, ತಿರುವು, ಎಮ್ಮೆ. ಪ್ರವಾಸಿಗರನ್ನು ಕರೆತರುವ ಟ್ಯಾಕ್ಸಿ ಚಾಲಕರ ಅಸಮಾಧಾನವೆಲ್ಲ ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಗಳ ಮೇಲೆ: ‘ಇದು ಜೀವ ಉಳಿಸೋಕಲ್ಲ ಸ್ವಾಮಿ, ದುಡ್ಡು ಮಾಡೋಕೆ.’

ಅನುಮಾನ ಪೂರ್ತಿ ಸುಳ್ಳಲ್ಲ. 2023ರ ಫೆಬ್ರವರಿಯಲ್ಲಿ ಸರ್ಕಾರವೇ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಿತು. ಸೀರೆ ಅಂಗಡಿಯ ಆಷಾಢ ಸೇಲಿನಂತೆ!

ಆದರೆ ಮೈಸೂರು ರಸ್ತೆಯಲ್ಲಿ 2023ಕ್ಕಿಂತ 2024ರಲ್ಲಿ ಸಾವು ಇಳಿದದ್ದು ನಿಜ. ಪೊಲೀಸರು ಕ್ಯಾಮೆರಾ, ಗಂಟೆಗೆ 100 ಕಿ.ಮೀ. ಮಿತಿಯತ್ತ ಬೊಟ್ಟು ಮಾಡುತ್ತಾರೆ. ಅಷ್ಟಕ್ಕೇ ಪೂರ್ತಿ ಶ್ರೇಯ ಕೊಡುವುದು ಕಷ್ಟ. 2023ರ ಆಗಸ್ಟ್ 1ರಿಂದಲೇ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಅಲ್ಲಿ ಪ್ರವೇಶವಿಲ್ಲ.

ಕಂಬ ಕಂಡೊಡನೆ ಬ್ರೇಕ್, ದಾಟಿದೊಡನೆ ಆಕ್ಸಿಲರೇಟರ್: ಈ ಆಟಕ್ಕೆ ಸರಾಸರಿ ವೇಗದ ಲೆಕ್ಕವೇ ಮದ್ದು. ಎರಡು ಕ್ಯಾಮೆರಾಗಳ ನಡುವಿನ 25 ಕಿ.ಮೀ.ಯನ್ನು 12 ನಿಮಿಷದಲ್ಲಿ ಮುಗಿಸಿದರೆ ವೇಗ 125 ಎಂದಾಯಿತು. ಕೊನೆಗಳಿಗೆಯ ಬ್ರೇಕು ಅಲ್ಲಿ ನಡೆಯದು.

ಕ್ಯಾಮೆರಾ ಇರುವೆಡೆ ಮುಂಚಿತವಾಗಿ ಎಚ್ಚರಿಕೆ ಫಲಕ ಇರಬೇಕು, ನೋಟಿಸು 15 ದಿನದೊಳಗೆ ಬರಬೇಕು ಎನ್ನುತ್ತದೆ 2021ರ ಕೇಂದ್ರ ನಿಯಮ. ಫಲಕವೇ ಇಲ್ಲದಿದ್ದರೆ ಚಾಲಕರು ಪ್ರಶ್ನಿಸಬೇಕಾದದ್ದು ಅದನ್ನೇ.